ತಪ್ಪಿದ ಪದಕ್ಕೆ ಒಂದು ಅಡ್ಡಗೆರೆ, ಪಕ್ಕದಲ್ಲಿ ಕಿರುಸಹಿ

ಪ್ರಶ್ನೆ: ನಾನು ಕಲಬುರಗಿಯವಳು, ವಯಸ್ಸು 37. ಸರ್ಕಾರಿ ಕಚೇರಿಯೊಂದರಲ್ಲಿ ಪ್ರಥಮ ದರ್ಜೆ ಸಹಾಯಕಿಯಾಗಿದ್ದೇನೆ. ಒಂದು ಟಿಪ್ಪಣಿ ಬರೆದರೆ ಮೇಲಧಿಕಾರಿಗಳಿಗೆ ಕಳಿಸುವ ಮೊದಲು ಅದನ್ನು ಆರೇಳು ಸಲ ಓದುತ್ತೇನೆ; ಒಂದು ಪದ ಸರಿ ಕಾಣದಿದ್ದರೆ ಇಡೀ ಪುಟವನ್ನು ಹೊಸದಾಗಿ ಟೈಪ್ ಮಾಡುತ್ತೇನೆ. ಇದರಿಂದ ಕಡತಗಳು ನನ್ನ ಮೇಜಿನ ಮೇಲೆಯೇ ಉಳಿಯುತ್ತಿವೆ, ಹೋದ ತಿಂಗಳು ವಿಳಂಬಕ್ಕೆ ಕಾರಣ ಕೇಳಿ ಮೆಮೊ ಕೊಟ್ಟರು. ಮನೆಯಲ್ಲಿ ನಸುಕಿನ ನಾಲ್ಕೂವರೆಗೆ ಏಳುತ್ತೇನೆ. ಅಂಚು ಹರಿದ ರೊಟ್ಟಿಯನ್ನು ಯಾರಿಗೂ ಬಡಿಸದೆ ನಾನೇ ತಿನ್ನುತ್ತೇನೆ. ಭಾಂಡೆ ತಿಕ್ಕಲು ಬರುವಾಕೆ ತಿಕ್ಕಿಟ್ಟು ಹೋದದ್ದನ್ನು ಮತ್ತೆ ತಿಕ್ಕುತ್ತೇನೆ. ಕಳೆದ ಎಳ್ಳಮಾವಾಸ್ಯೆಯಂದು ಎಲ್ಲರೂ ಹೊಲಕ್ಕೆ ಹೊರಟಾಗ, ಭಜ್ಜಿ ಪಲ್ಯ ಅಂದುಕೊಂಡ ಹಾಗೆ ಆಗಲಿಲ್ಲವೆಂದು ಎರಡನೇ ಸಲ ಮಾಡುತ್ತ ಕುಳಿತು, ಭೂತಾಯಿಗೆ ನೈವೇದ್ಯದ ಚರಗ ಚೆಲ್ಲುವ ಹೊತ್ತಿಗೆ ನಾನು ಹೊಲ ಮುಟ್ಟಲೇ ಇಲ್ಲ. ಇದನ್ನೆಲ್ಲ ಹೇಗೋ ಸಹಿಸಿಕೊಂಡೆ. ಆದರೆ ಏಳನೇ ತರಗತಿಯಲ್ಲಿರುವ ಮಗಳು ಮೊನ್ನೆ ಒಂದು ಅಕ್ಷರ ತಪ್ಪಿತೆಂದು ನೋಟ್‌ಬುಕ್ಕಿನ ಹಾಳೆ ಹರಿದು ಅಳುತ್ತ ಕುಳಿತಿದ್ದಳು. ಒಂದೇ ವಾರದಲ್ಲಿ ಹನ್ನೊಂದು ಹಾಳೆ ಹರಿದಿದ್ದಾಳೆ. ನನ್ನಿಂದಲೇ ಅವಳಿಗೆ ಇದು ಬಂತೇ? ಇದು ಗೀಳು ರೋಗವೇ, ಮಾತ್ರೆ ಬೇಕಾಗುತ್ತದೆಯೇ? ಈ ಸ್ವಭಾವ ಬಿಟ್ಟರೆ ನನ್ನ ಕೆಲಸ ಕೆಡುವುದಿಲ್ಲವೇ? ಕೆಲಸಕ್ಕೆ ಸೇರಿದ ಹೊಸದರಲ್ಲಿ ಬೆಂಗಳೂರಿನ ಕಚೇರಿಯಲ್ಲಿದ್ದಾಗ, ನನ್ನ ಟಿಪ್ಪಣಿಯಲ್ಲಿದ್ದ ನಮ್ಮ ಕಡೆಯ ಒಂದು ಮಾತನ್ನು ಎಲ್ಲರೆದುರು ಗಟ್ಟಿಯಾಗಿ ಓದಿ ನಕ್ಕಿದ್ದರು, ನಮ್ಮ ಭಾಗಕ್ಕಿರುವ ಮೀಸಲಾತಿಯ ವಿಧಿಯನ್ನು ಹಿಡಿದು ‘371 ಜೆ’ ಎಂದೂ ಅಂದಿದ್ದರು. ಒಂಬತ್ತು ವರ್ಷವಾಯಿತು. ಅದಕ್ಕೂ ಇದಕ್ಕೂ ಸಂಬಂಧ ಇದೆಯೋ ಇಲ್ಲವೋ ತಿಳಿಯದು. ಈ ಪತ್ರವನ್ನು ನಾಲ್ಕು ಸಲ ಬರೆದು ಹರಿದು, ಐದನೆಯದನ್ನು ಕಳಿಸುತ್ತಿದ್ದೇನೆ.

ಉತ್ತರ: ಮಗಳು ಹರಿದ ಹಾಳೆಗಳನ್ನು ನೀವು ಎಣಿಸಿದ್ದೀರಿ. ನಿಮ್ಮ ಪತ್ರದಲ್ಲಿ ನನ್ನ ಕಣ್ಣು ಮೊದಲು ನಿಂತದ್ದು ಅಲ್ಲಿ. ಕಚೇರಿಯ ಮೆಮೊ, ಎಳ್ಳಮಾವಾಸ್ಯೆಯ ದಿನ ತಪ್ಪಿಹೋದ ಹೊಲದ ಊಟ, ಇವೆಲ್ಲ ನಿಮ್ಮ ಪಾಲಿಗೆ ಸಹಿಸಬಹುದಾದ ನಷ್ಟಗಳಾಗಿದ್ದವು. ಅದೇ ನೋವು ಮಗಳ ಮುಖದಲ್ಲಿ ಕಂಡಾಗ ಮಾತ್ರ ಇದಕ್ಕೊಂದು ದಾರಿ ಹುಡುಕಲೇಬೇಕು ಎನ್ನಿಸಿದೆ. ಹೀಗೆ ಮಕ್ಕಳ ಸಲುವಾಗಿ ಮೊದಲ ಹೆಜ್ಜೆ ಇಟ್ಟು ನನ್ನ ಬಳಿ ಸಲಹೆಗೆ ಬಂದ ತಾಯಂದಿರನ್ನು ನಾನು ಇಪ್ಪತ್ತೆರಡು ವರ್ಷಗಳಿಂದ ನೋಡುತ್ತಿದ್ದೇನೆ, ಅವರಲ್ಲಿ ಹೆಚ್ಚಿನವರಿಗೆ ಬದಲಾವಣೆ ಸಾಧ್ಯವಾಗಿದೆ.

ನೀವು ಕೇಳಿದ್ದಕ್ಕೆ ನೇರ ಉತ್ತರಗಳನ್ನು ಮೊದಲು ಕೊಟ್ಟುಬಿಡುತ್ತೇನೆ, ವಿವರ ಆಮೇಲೆ ನೋಡೋಣ. ಪರಿಪೂರ್ಣತೆಯ ಹಟ ತನ್ನಷ್ಟಕ್ಕೆ ಒಂದು ರೋಗದ ಹೆಸರಲ್ಲ, ಅದನ್ನು ಹೋಗಲಾಡಿಸುವ ಮಾತ್ರೆಯೂ ಇಲ್ಲ. ನೀವು ವರ್ಣಿಸಿದ ರೀತಿಯಲ್ಲಿ ಇದು ಗೀಳು ಕಾಯಿಲೆಯಂತೆ ನನಗೆ ಕಾಣುವುದಿಲ್ಲ, ಆದರೂ ಭಾಂಡೆ ಮತ್ತೆ ತಿಕ್ಕುವ ವಿಷಯದಲ್ಲಿ ಒಂದು ಪ್ರಶ್ನೆ ಉಳಿಯುತ್ತದೆ, ಅದಕ್ಕೆ ಮುಂದೆ ಬರುತ್ತೇನೆ. ಕೆಲಸ ಕೆಡುತ್ತದೆಯೇ ಎಂಬ ಪ್ರಶ್ನೆಗೆ ನಿಮಗೆ ಬಂದ ಮೆಮೊದಲ್ಲೇ ಉತ್ತರವಿದೆ: ಈ ಹಟವನ್ನು ಹಿಡಿದುಕೊಂಡದ್ದರಿಂದಲೇ ಕೆಲಸ ಕೆಟ್ಟಿದೆ. ಮಗಳಿಗೆ ನಿಮ್ಮಿಂದ ಬಂತೇ ಎಂದರೆ, ಸ್ವಲ್ಪ ಮಟ್ಟಿಗೆ ಹೌದು. ಮಕ್ಕಳ ಹುಟ್ಟುಸ್ವಭಾವ, ಶಾಲೆಯ ವಾತಾವರಣ, ಓರಗೆಯವರೊಂದಿಗಿನ ಹೋಲಿಕೆ ಇವೂ ಸೇರಿರುತ್ತವೆ. ಆದರೆ ತಪ್ಪಾದಾಗ ಏನು ಮಾಡಬೇಕು ಎಂಬುದನ್ನು ಮಗು ಹೇಳಿಸಿಕೊಂಡು ಕಲಿಯುವುದಕ್ಕಿಂತ ಮನೆಯ ಹಿರಿಯರನ್ನು ನೋಡಿ ಕಲಿಯುವುದೇ ಹೆಚ್ಚು. ನೋಡಿ ಕಲಿತದ್ದನ್ನು ನೋಡಿಯೇ ಬಿಡಲೂಬಹುದು, ಆದ್ದರಿಂದ ಈ ‘ಹೌದು’ ನಿಮಗೆ ಶಿಕ್ಷೆಯಂತೆ ಕೇಳಿಸದಿರಲಿ.

ನಮ್ಮ ಮನೆಗಳಲ್ಲಿ ಜೋಳ ಹಸನು ಮಾಡುವುದು ನಿಮಗೆ ಗೊತ್ತಿದ್ದದ್ದೇ. ಮೊರದಲ್ಲಿ ಹಾಕಿ ಕೇರಿ, ಹೊಟ್ಟು ಹಾರಿಸಿ, ಕಲ್ಲು ಕಡ್ಡಿ ಆರಿಸಿದರೆ ಜೋಳ ಹಸನಾಯಿತು, ಇನ್ನು ಗಿರಣಿಗೆ ಒಯ್ಯಬಹುದು. ಕಲ್ಲು ಹಲ್ಲಿಗೆ ಸಿಗಬಾರದು ಎಂಬ ಉದ್ದೇಶದಿಂದ ಹಸನು ಮಾಡುವವಳು ಒಂದು ಹಂತದಲ್ಲಿ ನಿಲ್ಲುತ್ತಾಳೆ. ‘ಒಂದು ಕಲ್ಲು ಸಿಕ್ಕರೆ ನಾನು ಎಂಥ ಹೆಂಗಸು ಎಂದುಕೊಳ್ಳುತ್ತಾರೋ’ ಎಂಬ ಅಳುಕಿನಿಂದ ಹಸನು ಮಾಡುವವಳಿಗೆ ನಿಲ್ಲುವ ಹಂತವೇ ಸಿಗುವುದಿಲ್ಲ, ಏಕೆಂದರೆ ಅವಳು ಹುಡುಕುತ್ತಿರುವುದು ಜೋಳದಲ್ಲಿ ಇಲ್ಲ. ಮೊದಲನೆಯದನ್ನು ಅಚ್ಚುಕಟ್ಟು ಎನ್ನುತ್ತೇವೆ. ಎರಡನೆಯದನ್ನೇ ನಾನು ಈ ಉತ್ತರದಲ್ಲಿ ಪರಿಪೂರ್ಣತೆಯ ಹಟ ಎಂದು ಕರೆಯುತ್ತಿದ್ದೇನೆ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ರೀತಿ ಕಾಣುವುದರಿಂದ, ಹಟದಿಂದ ನರಳುವವರಿಗೆ ಜನ ‘ಎಷ್ಟು ಶಿಸ್ತು ನಿಮ್ಮದು’ ಎಂದು ಶಹಬ್ಬಾಸ್ ಹೇಳುತ್ತಾರೆ. ಆ ಶಹಬ್ಬಾಸ್‌ಗಿರಿ ಅದನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ.

ಮನಃಶಾಸ್ತ್ರದಲ್ಲಿ ಈ ಭೇದವನ್ನು ಬಹಳ ಎಚ್ಚರಿಕೆಯಿಂದ ಗುರುತಿಸಿದ್ದಾರೆ. ಆಕ್ಸ್‌ಫರ್ಡಿನ ಶಫ್ರಾನ್, ಕೂಪರ್ ಮತ್ತು ಫೇರ್‌ಬರ್ನ್ ಎಂಬ ಮೂವರು ಸಂಶೋಧಕರು 2002ರಲ್ಲಿ, ಚಿಕಿತ್ಸೆ ಬೇಕಾಗುವಂಥ ಪರಿಪೂರ್ಣತೆಯ ಹಟ ಎಂದರೆ ಯಾವುದು ಎಂದು ವಿವರಿಸುವಾಗ, ಗುರಿ ಎಷ್ಟು ಎತ್ತರದಲ್ಲಿದೆ ಎಂಬುದಕ್ಕಿಂತ, ಆ ಗುರಿ ಮುಟ್ಟುವುದರ ಮೇಲೆಯೇ ವ್ಯಕ್ತಿ ತನ್ನ ಇಡೀ ಬೆಲೆಯನ್ನು ನಿಲ್ಲಿಸಿದ್ದಾನೆಯೇ, ಕಷ್ಟನಷ್ಟಗಳಾದರೂ ಅದನ್ನೇ ಹಿಡಿದಿದ್ದಾನೆಯೇ ಎಂಬುದನ್ನು ಮುಖ್ಯವಾಗಿ ನೋಡಿದರು. ಅದಕ್ಕೂ ಮೊದಲು 1991ರಲ್ಲಿ ಕೆನಡಾದ ಪಾಲ್ ಹೆವಿಟ್ ಮತ್ತು ಗಾರ್ಡನ್ ಫ್ಲೆಟ್ ಈ ಹಟಕ್ಕೆ ಮೂರು ದಿಕ್ಕುಗಳಿವೆ ಎಂದು ತೋರಿಸಿದ್ದರು: ತನ್ನಿಂದ ತಾನೇ ಬಯಸುವುದು, ಇತರರಿಂದ ಬಯಸುವುದು, ಮತ್ತು ಜಗತ್ತು ತನ್ನಿಂದ ಬಯಸುತ್ತಿದೆ ಎಂದು ನಂಬುವುದು. ನಿಮ್ಮಲ್ಲಿ ಮೂರೂ ಸ್ವಲ್ಪ ಸ್ವಲ್ಪ ಇವೆ, ಭಾಂಡೆ ತಿಕ್ಕುವಾಕೆಯ ಕೆಲಸ ಒಪ್ಪದಿರುವುದು ಎರಡನೆಯದಕ್ಕೆ ಸೇರುತ್ತದೆ. ಆದರೆ ನಿಮ್ಮನ್ನು ಅತಿ ಹೆಚ್ಚು ದಣಿಸುತ್ತಿರುವುದು ಮೂರನೆಯದು ಎಂದು ನನ್ನ ಅಂದಾಜು. ಕುಗ್ಗುವಿಕೆ, ಹತಾಶೆಗಳೊಂದಿಗೆ ಹೆಚ್ಚು ತಳುಕು ಹಾಕಿಕೊಂಡಿರುವುದೂ ಅದೇ. ಅಮೆರಿಕ, ಕೆನಡಾ ಮತ್ತು ಬ್ರಿಟನ್ನಿನ 41,000ಕ್ಕೂ ಹೆಚ್ಚು ಕಾಲೇಜು ವಿದ್ಯಾರ್ಥಿಗಳಿಂದ 1989ರಿಂದ 2016ರವರೆಗೆ ಸಂಗ್ರಹಿಸಿದ ಉತ್ತರಗಳನ್ನು ಒಟ್ಟುಗೂಡಿಸಿ ನೋಡಿದಾಗ ಮೂರೂ ಏರಿದ್ದವು, ಎಲ್ಲಕ್ಕಿಂತ ಹೆಚ್ಚು ಏರಿದ್ದು ಮೂರನೆಯದೇ. ಅದು ನಮ್ಮ ನಾಡಿನ ಲೆಕ್ಕವಲ್ಲ. ಆದರೂ ನನ್ನ ಕೋಣೆಗೆ ಬರುವ ಇಲ್ಲಿನ ಹುಡುಗ ಹುಡುಗಿಯರ ಮಾತಿನಲ್ಲಿ ನಾನು ಕೇಳುವುದು ಅದನ್ನೇ.

ಹಟ ಇದ್ದರೆ ಕೆಲಸ ಚೆನ್ನಾಗಿ ಆಗುತ್ತದೆ ಎಂಬ ನಂಬಿಕೆ ಬಹಳ ಬೇರೂರಿದೆ, ಅದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಯಾದಗಿರಿ ಕಡೆಯ ಒಬ್ಬ ಯುವಕ, ಗುರುತು ಸಿಗದಂತೆ ವಿವರ ಬದಲಿಸಿ ಹೇಳುತ್ತಿದ್ದೇನೆ, ಕಲಬುರಗಿಯಲ್ಲಿ ಕೋಣೆ ಹಿಡಿದು ಸ್ಪರ್ಧಾತ್ಮಕ ಪರೀಕ್ಷೆಗೆ ಮೂರು ವರ್ಷ ಓದಿದ. ಆತನ ನೋಟ್ಸು ಮುದ್ರಿಸಿದ ಪುಸ್ತಕದಂತಿತ್ತು. ಸ್ಕೇಲಿನಿಂದ ಎಳೆದ ಗೆರೆ, ನಾಲ್ಕು ಬಣ್ಣದ ಶಾಯಿ, ಒಂದು ಇತಿಹಾಸದ ಅಧ್ಯಾಯವನ್ನೇ ಐದು ಸಲ ಶುದ್ಧಪ್ರತಿ ಮಾಡಿದ್ದ. ಆ ಮೂರು ವರ್ಷಗಳಲ್ಲಿ ಎರಡು ಬಾರಿ ಪ್ರವೇಶಪತ್ರ ಬಂದರೂ ಪರೀಕ್ಷೆಗೆ ಕೂರಲಿಲ್ಲ, ‘ಓದು ಇನ್ನೂ ಪೂರ್ತಿ ಆಗಿಲ್ಲ ಸರ್ರ’ ಎಂಬುದೇ ಕಾರಣ. ಮನೆಯವರು ಆತನನ್ನು ಸೋಮಾರಿ ಎಂದುಕೊಂಡಿದ್ದರು. ಹದಿನಾಲ್ಕು ತಾಸು ದುಡಿಯುತ್ತಿದ್ದ ಹುಡುಗ ಸೋಮಾರಿ ಆಗಿರಲಿಲ್ಲ. ಪರೀಕ್ಷೆ ಬರೆದು ನಪಾಸಾಗುವುದಕ್ಕಿಂತ ಬರೆಯದೇ ಉಳಿಯುವುದು ಅವನಿಗೆ ಸುರಕ್ಷಿತ ಅನ್ನಿಸಿತ್ತು. ನಿಮ್ಮ ಮೇಜಿನ ಮೇಲೆ ನಿಂತಿರುವ ಕಡತಗಳೂ ಇದೇ ರೀತಿ ನಿಂತಿವೆ. ಮೇಲಕ್ಕೆ ಹೋಗದ ಟಿಪ್ಪಣಿಯಲ್ಲಿ ಯಾರೂ ತಪ್ಪು ಕಂಡುಹಿಡಿಯಲಾರರು.

ನೀವಿರುವ ವ್ಯವಸ್ಥೆಯಲ್ಲಿ ಹೊತ್ತಿಗೂ ಒಂದು ಬೆಲೆ ಇದೆ ಎಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. 2011ರ ಸಕಾಲ ಕಾಯ್ದೆ ಅದರಡಿ ಬರುವ ಸೇವೆಗಳಿಗೆ ಇಂತಿಷ್ಟೇ ದಿನ ಎಂದು ಗಡುವು ಹಾಕಿ, ತಡವಾದ ಪ್ರತಿ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿವರೆಗೆ ಅರ್ಜಿದಾರರಿಗೆ ಪರಿಹಾರ ಕೊಡಬೇಕೆಂದು ಹೇಳುತ್ತದೆ. ಪರಿಹಾರದ ಮೊತ್ತ ದೊಡ್ಡದಲ್ಲ. ಆದರೆ ಅದರ ಹಿಂದಿರುವ ವಿಚಾರ ನಿಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದೆ: ಒಂದು ಪದವೂ ತಪ್ಪಿಲ್ಲದೆ ನಲವತ್ತು ದಿನ ತಡವಾಗಿ ಬಂದ ಆದೇಶ, ಒಂದು ಕಾಗುಣಿತ ತಪ್ಪಿದ್ದು ಹೊತ್ತಿಗೆ ಬಂದ ಆದೇಶಕ್ಕಿಂತ ಒಳ್ಳೆಯ ಕೆಲಸ ಆಗಲಾರದು. ಕಚೇರಿಯ ಕಟ್ಟೆಯ ಮೇಲೆ ಕುಳಿತು ಕಾಯುವ ವೃದ್ಧೆಗೆ ನಿಮ್ಮ ವಾಕ್ಯದ ಅಂದ ಗೊತ್ತಾಗುವುದಿಲ್ಲ, ತನ್ನ ಹೆಸರು ಮತ್ತು ಖಾತೆ ಸಂಖ್ಯೆ ಸರಿ ಇದ್ದು ಹಣ ಬಂದರೆ ಸಾಕು.

ನಿಜಕ್ಕೂ ಮೇಲ್ಮಟ್ಟದ ಕೆಲಸ ಮಾಡುವವರಿಗೆ ಎಲ್ಲಿ ನಿಲ್ಲಬೇಕು ಎಂಬುದು ಗೊತ್ತಿರುತ್ತದೆ. ಬೀದರಿನ ಬಿದರಿ ಕೆಲಸಗಾರರನ್ನು ನೋಡಿ. ಹೆಚ್ಚು ಸತು, ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ದ ಪಾತ್ರೆಯನ್ನು ಉಜ್ಜಿ ನುಣುಪು ಮಾಡಿ, ಉಳಿಯಿಂದ ಕೈಯಲ್ಲೇ ಚಿತ್ತಾರ ಕೊರೆದು, ಆ ಗೀರಿನಲ್ಲಿ ಬೆಳ್ಳಿಯ ತಂತಿ ಕೂರಿಸಿ, ಕೊನೆಗೆ ಕೋಟೆಯ ಮಣ್ಣನ್ನು ನವಸಾಗರದೊಂದಿಗೆ ಬೆರೆಸಿದ ದ್ರಾವಣ ಹಚ್ಚುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಕೊರೆಯುವ ಹಂತದ ಕೆಲಸವನ್ನು ಕೊರೆಯುವಾಗಲೇ ಮುಗಿಸುತ್ತಾರೆ, ಕಪ್ಪು ಹಚ್ಚುವ ಹೊತ್ತಿಗೆ ಮತ್ತೆ ಚಿತ್ತಾರಕ್ಕೆ ಹಿಂದಿರುಗುವುದಿಲ್ಲ. ಕೈಯಿಂದ ಕೊರೆದ ಎರಡು ಎಲೆಗಳು ಒಂದೇ ಅಚ್ಚಿನಲ್ಲಿ ಇರುವುದಿಲ್ಲ, ಆದರೂ ಆ ಹೂದಾನಿಯನ್ನು ಹೆಮ್ಮೆಯಿಂದ ಮಾರುತ್ತಾರೆ. ಅವರ ಗುರಿ ನಿಮ್ಮದಕ್ಕಿಂತ ಕಡಿಮೆ ಎತ್ತರದ್ದೆಂದು ಯಾರು ಹೇಳಿಯಾರು?

ಈಗ ಮೂಲಕ್ಕೆ ಬರುತ್ತೇನೆ, ಏಕೆಂದರೆ ‘ಅದಕ್ಕೂ ಇದಕ್ಕೂ ಸಂಬಂಧ ಇದೆಯೋ’ ಎಂದು ನೀವು ಕೊನೆಯ ಸಾಲುಗಳಲ್ಲಿ ಸಂಕೋಚದಿಂದ ಕೇಳಿದ್ದು ಇಡೀ ಪತ್ರದ ಗಂಟು ಎಂದು ನನಗೆ ಅನ್ನಿಸುತ್ತದೆ. ಅಂದು ಓದಿ ನಕ್ಕ ಆ ಮಾತು ಯಾವುದು ಎಂದು ನೀವು ಬರೆದಿಲ್ಲ. ಒಂಬತ್ತು ವರ್ಷಗಳ ಮೇಲೆ, ಇದೇ ನಾಡಿನವರೊಬ್ಬರಿಗೆ ಬರೆಯುವಾಗಲೂ ಆ ಪದವನ್ನು ಹಾಳೆಯ ಮೇಲೆ ಇಡಲು ನಿಮ್ಮ ಕೈ ಒಪ್ಪಿಲ್ಲ. ಹಾಗಿದ್ದರೆ ಆ ದಿನ ನಿಮಗೆ ತಟ್ಟಿದ್ದು ಒಂದು ಪದದ ತಪ್ಪಲ್ಲ. ನಿಮ್ಮ ಊರು, ನಿಮ್ಮ ಅವ್ವನ ಮಾತು, ನೀವು ದುಡಿದು ಪಡೆದ ಹುದ್ದೆ ಎಲ್ಲವನ್ನೂ ಒಂದೇ ನಗೆಯಲ್ಲಿ ಕಿರಿದು ಮಾಡಿದ್ದರು. ‘ಇನ್ನು ಮೇಲೆ ಯಾರೂ ನನ್ನ ಬರವಣಿಗೆಯಲ್ಲಿ ಬೆರಳಿಡಬಾರದು’ ಎಂದು ಆ ಸಂಜೆ ನಿಮ್ಮ ಮನಸ್ಸು ಮಾಡಿದ ತೀರ್ಮಾನ ಅರ್ಥವಾಗುವಂಥದ್ದು, ಅಷ್ಟೇ ಅಲ್ಲ, ಆ ಹೊತ್ತಿಗೆ ಅದು ನಿಮ್ಮನ್ನು ಕಾಪಾಡಿದ್ದೂ ಹೌದು.

ಇಂಥ ತೀರ್ಮಾನ ಮಾಡಿಕೊಂಡವರನ್ನು ನಾನು ಕಲಬುರಗಿ, ಬೀದರ್, ಯಾದಗಿರಿ ಈ ಮೂರು ಜಿಲ್ಲೆಗಳಲ್ಲಿ ಎಷ್ಟೋ ಮಂದಿ ಕಂಡಿದ್ದೇನೆ. ಸಂವಿಧಾನದ 371 ಜೆ ವಿಧಿ 2013ರಿಂದ ಜಾರಿಗೆ ಬಂದದ್ದು, ದಶಕಗಳ ಕಾಲ ಹಿಂದುಳಿದ ನಮ್ಮ ಕಲ್ಯಾಣ ಕರ್ನಾಟಕ ಪ್ರದೇಶಕ್ಕೆ ಶಿಕ್ಷಣ ಮತ್ತು ಉದ್ಯೋಗದಲ್ಲಿ ಸಲ್ಲಬೇಕಾದ ಪಾಲು ಕೊಡುವುದಕ್ಕಾಗಿ. ಅದನ್ನೇ ಹೀಯಾಳಿಕೆಯ ಮಾತಾಗಿ ಬಳಸಿದಾಗ, ಆ ವಿಧಿಯಡಿ ಬಂದ ನೌಕರನಿಗೆ ‘ನಾನು ಇತರರಿಗೆ ಸಮ’ ಎಂಬುದು ಸಾಲುವುದಿಲ್ಲ, ‘ನನ್ನಲ್ಲಿ ಒಂದೂ ಕೊರತೆ ಇರಕೂಡದು’ ಎಂಬಲ್ಲಿಗೆ ಹೋಗಿ ಮುಟ್ಟುತ್ತದೆ. ಮಕ್ಕಳಿಗೂ ಇದೇ ಗಾಳಿ ತಾಕುತ್ತದೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ಜಿಲ್ಲಾವಾರು ಪಟ್ಟಿಯಲ್ಲಿ 2024ರಲ್ಲಿ ಯಾದಗಿರಿ, 2025ರಲ್ಲಿ ಕಲಬುರಗಿ ಕೊನೆಯ ಸ್ಥಾನದಲ್ಲಿದ್ದವು. ಆ ಪಟ್ಟಿ ಬಂದ ದಿನ ಮನೆಯಲ್ಲಿ, ಶಾಲೆಯಲ್ಲಿ ಆಡುವ ಮಾತುಗಳನ್ನು ಏಳನೇ ತರಗತಿಯ ಹುಡುಗಿ ಕೇಳಿಸಿಕೊಳ್ಳುತ್ತಾಳೆ. ಒಂದು ಪ್ರದೇಶದ ಶಾಲೆಗಳಿಗೆ ಶಿಕ್ಷಕರು, ಸೌಕರ್ಯ ಸಾಲದೆ ಆದ ಕೊರತೆಯನ್ನು ಒಂದು ಮಗು ತನ್ನ ಅಕ್ಷರದಿಂದ ತುಂಬಿಕೊಡಲು ಹೊರಟರೆ ಹಾಳೆ ಹರಿಯದೆ ಇನ್ನೇನಾದೀತು? ನನಗೆ ಈ ವಿಷಯದಲ್ಲಿ ಬಹಳ ಸಂಕಟವಿದೆ, ಆದ್ದರಿಂದ ಸ್ವಲ್ಪ ಹೆಚ್ಚೇ ಬರೆದೆ.

ಒಮ್ಮೆ ಹುಟ್ಟಿದ ಹಟ ಏಕೆ ತಾನಾಗಿ ಕರಗುವುದಿಲ್ಲ ಎಂಬುದನ್ನೂ ತಿಳಿದುಕೊಳ್ಳಬೇಕು. ಟಿಪ್ಪಣಿ ಮುಗಿದಾಗ ಎದೆಯಲ್ಲಿ ಅಳುಕು ಏಳುತ್ತದೆ. ಇನ್ನೊಮ್ಮೆ ಓದುತ್ತೀರಿ, ಅಳುಕು ಕೊಂಚ ಇಳಿಯುತ್ತದೆ. ಆ ಇಳಿತವೇ ಮಿದುಳಿಗೆ ಸಿಗುವ ಬಹುಮಾನ. ಮುಂದಿನ ಸಲ ಅಳುಕು ಎದ್ದ ಕೂಡಲೇ ಅದು ಮತ್ತೆ ಓದಿಸುತ್ತದೆ, ಒಂದು ಸಲದ ಓದು ಸಾಲದಾಗಿ ಎರಡು, ಎರಡು ಸಾಲದಾಗಿ ಆರು ಆಗುತ್ತದೆ. ಏನೂ ಅನಾಹುತ ಆಗದಿದ್ದಾಗ ಮನಸ್ಸು ‘ಆರು ಸಲ ಓದಿದ್ದಕ್ಕೇ ಬಚಾವಾದೆ’ ಎಂದು ಲೆಕ್ಕ ಹಾಕುತ್ತದೆ, ಒಂದೇ ಸಲ ಓದಿದ್ದರೂ ಏನೂ ಆಗುತ್ತಿರಲಿಲ್ಲ ಎಂದು ತಿಳಿಯುವ ಅವಕಾಶವೇ ಬರುವುದಿಲ್ಲ. ಆದ್ದರಿಂದ ‘ಇಷ್ಟು ತಲೆ ಕೆಡಿಸಿಕೊಳ್ಳಬೇಡ’ ಎಂಬ ಬುದ್ಧಿಮಾತು ಇಂಥವರಿಗೆ ನಾಟುವುದಿಲ್ಲ. ಬಾಯಿಮಾತಿನ ಸಮಾಧಾನ ಇಲ್ಲಿ ಕೆಲಸ ಮಾಡದು, ಸ್ವತಃ ಮಾಡಿ ನೋಡಿದ ಅನುಭವ ಮಾತ್ರ ಮಾಡುತ್ತದೆ.

ಗೀಳು ಕಾಯಿಲೆಯಲ್ಲೂ ಇದೇ ಚಕ್ರ ತಿರುಗುವುದರಿಂದ ಜನ ಎರಡನ್ನೂ ಒಂದೇ ಎಂದುಕೊಳ್ಳುತ್ತಾರೆ. ಗೀಳಿನಲ್ಲಿ, ಬೇಡವೆಂದರೂ ನುಗ್ಗಿ ಬರುವ ಒಂದು ಆಲೋಚನೆ ಅಥವಾ ಚಿತ್ರ ಇರುತ್ತದೆ, ಅದು ಅರ್ಥವಿಲ್ಲದ್ದು ಎಂದು ಸಾಮಾನ್ಯವಾಗಿ ಆ ವ್ಯಕ್ತಿಗೇ ಗೊತ್ತಿರುತ್ತದೆ, ಆದರೂ ತೊಳೆಯದೆ, ಎಣಿಸದೆ, ಮುಟ್ಟಿ ನೋಡದೆ ಇರಲಾಗುವುದಿಲ್ಲ. ದಿನಕ್ಕೆ ಒಂದು ತಾಸಿಗೂ ಹೆಚ್ಚು ಸಮಯ ಅದರಲ್ಲೇ ಹೋಗುತ್ತದೆ ಎಂಬುದು ವೈದ್ಯರು ನೋಡುವ ಒಂದು ಗುರುತು. ಹಟವಿರುವವರಿಗೆ ತಾವು ಮಾಡುತ್ತಿರುವುದು ಸರಿಯಾದದ್ದೇ ಎಂಬ ನಂಬಿಕೆ ಇರುತ್ತದೆ. ಹಾಗಾಗಿ ಭಾಂಡೆಯ ವಿಷಯದಲ್ಲಿ ನಿಮ್ಮನ್ನು ನೀವೇ ಕೇಳಿಕೊಳ್ಳಿ: ಮತ್ತೆ ತಿಕ್ಕುವುದು ಜಿಡ್ಡು ಉಳಿದದ್ದು ಕಣ್ಣಿಗೆ ಕಂಡಿದ್ದರಿಂದಲೋ, ಅಥವಾ ಹೊಲಸು, ರೋಗ, ಅನಾಹುತದ ಭಯ ಒಳಗಿನಿಂದ ಒತ್ತುವುದರಿಂದಲೋ, ಇಂತಿಷ್ಟು ಸಲ ತಿಕ್ಕಲೇಬೇಕು ಎಂಬ ಲೆಕ್ಕ ಇದೆಯೋ? ಭಯ ಅಥವಾ ಲೆಕ್ಕ ಎಂಬ ಉತ್ತರ ಬಂದರೆ ತಡ ಮಾಡದೆ ಮನೋವೈದ್ಯರನ್ನು ಕಾಣಬೇಕು, ಏಕೆಂದರೆ ಗೀಳಿಗೆ ಒಳ್ಳೆಯ ಚಿಕಿತ್ಸೆ ಇದೆ ಮತ್ತು ಅದು ಬೇಗ ಆರಂಭವಾದಷ್ಟೂ ಒಳ್ಳೆಯದು.

ಹಾಗಿಲ್ಲವಾದರೆ ನೀವು ಮನೆಯಿಂದಲೇ ಆರಂಭಿಸಬಹುದು. ಆದರೆ ಮೊದಲೇ ಒಂದು ಗಡಿ ಹಾಕಿಕೊಳ್ಳಿ. ಹೆಸರು, ಮೊತ್ತ, ಖಾತೆ ಸಂಖ್ಯೆ, ಸರ್ವೆ ನಂಬರು, ದಿನಾಂಕ ಇವುಗಳಲ್ಲಿ ತಪ್ಪಾದರೆ ಇನ್ನೊಬ್ಬರಿಗೆ ನಷ್ಟವಾಗುತ್ತದೆ, ಇವುಗಳ ಮೇಲೆ ಪ್ರಯೋಗ ಬೇಡ; ಬೆರಳಿಟ್ಟು ಒಂದು ಸಲ, ಪೂರ್ತಿ ಗಮನದಿಂದ ತಾಳೆ ನೋಡಿ. ಗಮನವಿಟ್ಟು ನೋಡಿದ ಒಂದು ಸಲ, ಹೆದರಿ ನೋಡಿದ ಆರು ಸಲಕ್ಕಿಂತ ಹೆಚ್ಚು ತಪ್ಪು ಹಿಡಿಯಬಹುದು, ಏಕೆಂದರೆ ಮತ್ತೆ ಮತ್ತೆ ಓದಿದಂತೆ ಕಣ್ಣು ದಣಿದು, ಇರುವುದನ್ನು ಬಿಟ್ಟು ಇರಬೇಕಾದದ್ದನ್ನೇ ಓದತೊಡಗುತ್ತದೆ. ವಾಕ್ಯದ ಅಂದ, ಪದದ ಆಯ್ಕೆ, ಅಂಚಿನ ಜಾಗ ಇವು ಬೇರೆ ಬುಟ್ಟಿಗೆ ಸೇರಿದವು. ಇವುಗಳಲ್ಲಿ ಸಡಿಲ ಬಿಟ್ಟರೆ ಯಾರ ಹಣವೂ ಹೋಗುವುದಿಲ್ಲ.

ಪ್ರಯೋಗ ಹೀಗಿರಲಿ. ದಿನಕ್ಕೆ ಒಂದು ಕಡತ, ಅದೂ ಸಣ್ಣದು, ತಾಳೆ ನೋಡಿದ ಮೇಲೆ ಒಂದೇ ಸಲ ಓದಿ ಮೇಲಕ್ಕೆ ಕಳಿಸಿ. ಕಳಿಸುವ ಮೊದಲು ಒಂದು ಹಾಳೆಯಲ್ಲಿ, ಏನಾದೀತೆಂದು ನಿಮ್ಮ ಮನಸ್ಸು ಹೇಳುತ್ತಿದೆಯೋ ಅದನ್ನು ಒಂದು ಸಾಲು ಬರೆಯಿರಿ: ‘ಸಾಹೇಬರು ಕರೆದು ಬಯ್ಯುತ್ತಾರೆ’, ‘ಕಡತ ವಾಪಸ್ ಬರುತ್ತದೆ’. ಮರುದಿನ ಪಕ್ಕದಲ್ಲಿ ನಿಜವಾಗಿ ಏನಾಯಿತೋ ಅದನ್ನು ಬರೆಯಿರಿ. ಮೊದಲ ಕೆಲವು ದಿನ ಅಳುಕು ಏರುತ್ತದೆ, ರಾತ್ರಿ ಕಡತ ನೆನಪಾಗುತ್ತದೆ; ಇದು ಪ್ರಯೋಗ ಕೆಟ್ಟದ್ದರ ಲಕ್ಷಣವಲ್ಲ, ಆರಂಭವಾದದ್ದರ ಲಕ್ಷಣ. ಒಂದಲ್ಲ ಒಂದು ದಿನ ನಿಜಕ್ಕೂ ಒಂದು ತಪ್ಪು ಸಿಕ್ಕಿ ಕಡತ ವಾಪಸ್ ಬರುತ್ತದೆ. ಆ ದಿನ ಬಹಳ ಮುಖ್ಯವಾದದ್ದು. ವಾಪಸ್ ಬಂದದ್ದನ್ನು ತಿದ್ದಿ ಮತ್ತೆ ಕಳಿಸಲು ಎಷ್ಟು ನಿಮಿಷ ಹಿಡಿಯಿತು ಎಂದು ಬರೆದಿಡಿ. ಈ ದಾರಿಯಲ್ಲಿ ಇರುವ ಅಪಾಯವೆಂದರೆ ಎರಡು: ಹುಮ್ಮಸ್ಸಿನಲ್ಲಿ ಎಲ್ಲ ಕಡತಗಳನ್ನೂ ಒಂದೇ ದಿನ ಹೀಗೆ ಕಳಿಸಿ ಹೆದರಿ ಹಿಂದಕ್ಕೆ ಸರಿಯುವುದು, ಮತ್ತು ಈ ಹಾಳೆಯನ್ನೇ ಕೋಷ್ಟಕ ಎಳೆದು, ಬಣ್ಣ ಹಾಕಿ, ಶುದ್ಧಪ್ರತಿ ಮಾಡುತ್ತ ಕೂರುವುದು. ಯಾದಗಿರಿಯ ಆ ಹುಡುಗ ಎರಡನೆಯದನ್ನು ಮಾಡಿದ್ದ.

ಅಡುಗೆಮನೆಯಲ್ಲಿ ಪ್ರಯೋಗಕ್ಕೆ ರೊಟ್ಟಿಯೇ ತಕ್ಕದ್ದು. ಗೋಧಿಯಲ್ಲಿರುವ ಗ್ಲುಟೆನ್ ಎಂಬ ಅಂಟು ಜೋಳದಲ್ಲಿ ಇಲ್ಲ. ಕುದಿಯುವ ನೀರು ಹಾಕಿ ನಾದಿದಾಗ ಹಿಟ್ಟಿನ ಪಿಷ್ಟ ಬೆಂದು ಕೊಡುವ ಜಿಗುಟಷ್ಟೇ ರೊಟ್ಟಿಯನ್ನು ಹಿಡಿದಿಡುತ್ತದೆ, ಬೀಸಿ ಬಹಳ ದಿನವಾದ ಹಿಟ್ಟಿನಲ್ಲಿ ಅದೂ ಕಡಿಮೆ. ಹೀಗಾಗಿ ಅಂಚು ಹರಿಯುವುದು ಜೋಳದ ಗುಣ, ಬಡಿಯುವವಳ ಗುಣವಲ್ಲ. ವಾರಕ್ಕೆ ಎರಡು ದಿನ ಅಂಚು ಹರಿದ ರೊಟ್ಟಿಯನ್ನು ಎಲ್ಲರ ತಾಟಿಗೂ ಹಾಕಿ, ಕ್ಷಮೆ ಕೇಳುವ ಮಾತು ಸೇರಿಸಬೇಡಿ, ಏನೂ ಹೇಳದೆ ಬಡಿಸಿ. ಯಾರ ಬಾಯಿಂದ ಏನು ಬರುತ್ತದೆ ಎಂದು ಕಾಯಿರಿ. ಹೀಗೇ ಒಬ್ಬ ತಾಯಿ ಬಡಿಸಿದ ದಿನ ಆಕೆಯ ಅತ್ತೆ ಅಂದ ಮಾತನ್ನು ಆಕೆ ನನಗೆ ಬಂದು ಹೇಳಿದ್ದಳು: ‘ಇವತ್ತರ ನಮ್ಮ ಜೋಡಿ ಕುಂತು ಉಂಡಿ ನೋಡವ್ವ.’ ಹರಿದ ಅಂಚನ್ನು ಅವರು ಗಮನಿಸಿರಲಿಲ್ಲ, ಸೊಸೆ ಎಂದೂ ಜೊತೆಗೆ ಕೂರುತ್ತಿರಲಿಲ್ಲ ಎಂಬುದನ್ನು ಗಮನಿಸಿದ್ದರು. ಕಚೇರಿಯ ಒತ್ತಡ ಇರುವ ದಿನ ಮನೆಯಲ್ಲೇ ರೊಟ್ಟಿ ಮಾಡಿ ಮಾರುವ ಹೆಣ್ಣುಮಕ್ಕಳಿಂದ ಖಡಕ್ ರೊಟ್ಟಿ ತರಿಸಿದರೂ ತಪ್ಪೇನಿಲ್ಲ.

ಮಗಳ ವಿಷಯಕ್ಕೆ ನಿಮ್ಮ ಕಚೇರಿಯಲ್ಲೇ ಒಂದು ಒಳ್ಳೆಯ ಪದ್ಧತಿ ಇದೆ. ಕೈಬರಹದ ರಿಜಿಸ್ಟರಿನಲ್ಲಿ ಒಂದು ಪದ ತಪ್ಪಿದರೆ ನೀವು ಹಾಳೆ ಹರಿಯುವ ಹಾಗಿಲ್ಲ, ಅಳಿಸುವ ಹಾಗಿಲ್ಲ, ಬಿಳಿ ಬಳಿದು ಮುಚ್ಚುವ ಹಾಗೂ ಇಲ್ಲ. ತಪ್ಪಿದ ಪದ ಓದಲು ಸಿಗುವಂತೆಯೇ ಅದರ ಮೇಲೆ ಒಂದು ಅಡ್ಡಗೆರೆ ಎಳೆದು, ಸರಿಯಾದದ್ದನ್ನು ಬರೆದು, ಪಕ್ಕದಲ್ಲಿ ಕಿರುಸಹಿ ಹಾಕುತ್ತೀರಿ. ತಪ್ಪು ನನ್ನದು, ತಿದ್ದಿದ್ದೂ ನಾನೇ ಎಂದು ಅದರ ಅರ್ಥ. ಲೆಕ್ಕಪರಿಶೋಧಕರಿಗೆ ಅನುಮಾನ ಬರುವುದು ಹರಿದ ಹಾಳೆ ಕಂಡಾಗ, ಕಿರುಸಹಿ ಕಂಡಾಗಲ್ಲ. ಇದನ್ನು ಮಗಳಿಗೆ ಕಲಿಸಿಕೊಡಿ. ಅವಳಿಗೆ ಅವಳದೇ ಒಂದು ಕಿರುಸಹಿ ಆರಿಸಿ ರೂಢಿ ಮಾಡಿಕೊಳ್ಳಲು ಹೇಳಿ, ಆ ವಯಸ್ಸಿನ ಮಕ್ಕಳಿಗೆ ಸಹಿ ಹಾಕುವುದೆಂದರೆ ದೊಡ್ಡ ಸಡಗರ. ಅವಳ ತರಗತಿಯ ಶಿಕ್ಷಕರಿಗೂ ಮುಂಚಿತವಾಗಿ ಒಂದು ಮಾತು ತಿಳಿಸಿಡಿ, ಅಡ್ಡಗೆರೆ ಕಂಡು ಗದರಿಸಿದರೆ ಮಾಡಿದ್ದೆಲ್ಲ ನೀರಿಗೆ ಹೋಗುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಕಿರಾಣಿ ಪಟ್ಟಿ ಬರೆಯುವಾಗಲೋ ಲೆಕ್ಕ ಬರೆಯುವಾಗಲೋ ನಿಮ್ಮ ಕೈ ತಪ್ಪಿದಾಗ ಅವಳ ಎದುರಿಗೇ ಗೆರೆ ಎಳೆದು, ಕಿರುಸಹಿ ಹಾಕಿ, ಮುಂದಿನ ಸಾಲಿಗೆ ಹೋಗಿ.

ಬ್ರಿಟನ್ನಿನ ಮಕ್ಕಳ ವೈದ್ಯ ಡೊನಾಲ್ಡ್ ವಿನಿಕಾಟ್ 1953ರಲ್ಲಿ ‘ಸಾಕಷ್ಟು ಒಳ್ಳೆಯ ತಾಯಿ’ ಎಂಬ ಮಾತನ್ನು ಬಳಕೆಗೆ ತಂದರು. ಹಸುಳೆಯ ಬೇಡಿಕೆಗಳನ್ನು ತಾಯಿ ಮೊದಮೊದಲು ಹೆಚ್ಚುಕಡಿಮೆ ಪೂರ್ತಿಯಾಗಿ ನೀಗಿಸುತ್ತಾಳೆ, ಮಗುವಿಗೆ ತಾಳಿಕೊಳ್ಳುವ ಶಕ್ತಿ ಬಂದಂತೆ ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡುತ್ತಾಳೆ, ಆ ಕೊರತೆಯಿಂದಲೇ ಮಗು ಜಗತ್ತನ್ನು ಎದುರಿಸಲು ಕಲಿಯುತ್ತದೆ ಎಂಬುದು ಅವರ ವಿಚಾರ. ಒಂದೂ ತಪ್ಪು ಮಾಡದ ತಾಯಿಯ ಮಗಳಿಗೆ ತಪ್ಪನ್ನು ದಾಟುವ ಬಗೆ ನೋಡಲು ಸಿಗುವುದೇ ಇಲ್ಲ.

ಮೂರ್ನಾಲ್ಕು ವಾರ ಹೀಗೆ ಮಾಡಿದರೂ ಕಡತಗಳು ಕದಲದಿದ್ದರೆ, ಅಥವಾ ಮಗಳು ಶಾಲೆಗೆ ಹೋಗಲು ಹಿಂಜರಿಯತೊಡಗಿದರೆ, ತರಬೇತಾದ ಚಿಕಿತ್ಸಾ ಮನಃಶಾಸ್ತ್ರಜ್ಞರ ನೆರವು ಪಡೆಯಿರಿ. ಅರಿವಿನ ವರ್ತನಾ ಚಿಕಿತ್ಸೆ ಎಂಬ ಮಾತಿನ ಚಿಕಿತ್ಸೆಯಿಂದ ಈ ಹಟವೂ ಅದರ ಬೆನ್ನಿಗೆ ಬರುವ ಆತಂಕವೂ ಇಳಿಯುತ್ತವೆ ಎಂದು ಅಧ್ಯಯನಗಳಲ್ಲಿ ಕಂಡುಬಂದಿದೆ. ವಾರಕ್ಕೊಮ್ಮೆಯಂತೆ ಕೆಲವು ತಿಂಗಳು ಹೋಗಬೇಕಾಗುತ್ತದೆ. ನಮ್ಮ ಭಾಗದಲ್ಲಿ ಇಂಥ ತರಬೇತಿ ಪಡೆದವರು ಕಡಿಮೆ, ನಾಲ್ಕು ದಿನದ ಕೋರ್ಸು ಮಾಡಿ ಬೋರ್ಡು ಹಾಕಿಕೊಂಡವರೂ ಇದ್ದಾರೆ. ಆದ್ದರಿಂದ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯೇ ಎಂದು ಕೇಳಿ, ಹಾಗೆ ಕೇಳುವುದು ಅವಮರ್ಯಾದೆಯಲ್ಲ. ನಿದ್ದೆ ಕೆಟ್ಟು, ಊಟ ಸೇರದೆ, ಯಾವುದರಲ್ಲೂ ಆಸಕ್ತಿ ಇಲ್ಲದೆ ಎರಡು ವಾರ ಕಳೆದರೆ, ಅಥವಾ ಬದುಕೇ ಬೇಡ ಎಂಬ ಯೋಚನೆ ಒಮ್ಮೆ ಸುಳಿದರೂ, ಕಾಯಬೇಡಿ. ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್‌ನಂಥ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಮನೋವೈದ್ಯರಿದ್ದಾರೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲೇ, ನಿಮ್ಮ ಕಡೆಯ ಕನ್ನಡದಲ್ಲೇ ಮಾತನಾಡಬಹುದು, ಹಣ ಕೊಡಬೇಕಾಗಿಲ್ಲ. ಕುಗ್ಗುವಿಕೆಗೋ ಗೀಳಿಗೋ ವೈದ್ಯರು ಮಾತ್ರೆ ಬರೆದರೆ ಅದರ ಗುಣ ಕಾಣಲು ಕೆಲವು ವಾರ ಬೇಕು, ಆರಾಮ ಅನ್ನಿಸಿದ ಕೂಡಲೇ ನೀವಾಗಿಯೇ ನಿಲ್ಲಿಸಬಾರದು.

ಏನೂ ಮಾಡದೆ ಇದ್ದರೇನು ಎಂದೂ ನೀವು ಯೋಚಿಸಿರಬಹುದು. ಇಷ್ಟು ವರ್ಷ ನಡೆದಂತೆ ಇನ್ನೂ ಕೆಲವು ವರ್ಷ ನಡೆದೀತು, ಆದರೆ ಮೆಮೊದ ನಂತರ ಇಲಾಖೆಯಲ್ಲಿ ಏನು ಬರುತ್ತದೆ ಎಂಬುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಮಗಳು ಎಸ್ಸೆಸ್ಸೆಲ್ಸಿಗೆ ಬರಲು ಇನ್ನು ಮೂರೇ ವರ್ಷ.

ಮೂರು ವಾರಗಳಾದ ಮೇಲೆ ನನಗೆ ಮತ್ತೆ ಬರೆಯಿರಿ. ಪ್ರಯೋಗದ ಆ ಹಾಳೆಯನ್ನು ಮಡಚಿ, ಎಣ್ಣೆಯ ಕಲೆ ಇದ್ದರೂ ಸರಿಯೇ, ಹಾಗೆಯೇ ಒಳಗಿಡಿ. ಪತ್ರವನ್ನು ಒಂದೇ ಸಲ ಬರೆಯಿರಿ. ತಪ್ಪಿದಲ್ಲಿ ಗೆರೆ ಎಳೆದು ಕಿರುಸಹಿ ಹಾಕಿ. ಮನಸ್ಸು ಒಪ್ಪಿದರೆ, ಅಂದು ಅವರು ನಕ್ಕ ಆ ಮಾತು ಯಾವುದು ಎಂಬುದನ್ನೂ ಬರೆಯಿರಿ. ಬಹುಶಃ ಅದು ನಮ್ಮ ಮನೆಯಲ್ಲೂ ದಿನಾ ಆಡುವ ಮಾತೇ ಇರಬೇಕು.